ಹೆಸರು ಕೇಳಿದ ಗಾಡಿ

ಮಾಲೀಕರ ಹೆಸರನ್ನು ಮನೆಯವರು ಹೇಳುವ ದನಿ ಕೇಳಿ ಕೇಳಿ ಅವರನ್ನು ಗುರುತಿಟ್ಟುಕೊಳ್ಳುವ ಬೈಕುಗಳು ಬಂದ ಮೇಲೆ ಊರಲ್ಲಿ ಗಾಡಿ ಕಳವು ನಿಂತೇಹೋಗಿತ್ತು. ರಿಮೋಟ್ ಕೀ ಕಳೆದರೂ ಯಾರೂ ಗಾಬರಿಯಾಗುತ್ತಿರಲಿಲ್ಲ. ನೀಲವ್ವನ ಗಂಡ ಫಕ್ಕೀರಪ್ಪ ನಿನ್ನೆ ಹಳ್ಳದಲ್ಲಿ ಎಮ್ಮೆ ತೊಳೆಯುವಾಗ ಕೀ ಕಳೆದುಕೊಂಡು ನಗುತ್ತಲೇ ಮನೆಗೆ ಬಂದಿದ್ದ.

ಇವತ್ತು ಅವನು ಎದೆ ಹಿಡಿದುಕೊಂಡು ಅಂಗಳದಲ್ಲಿ ಬಿದ್ದಿದ್ದಾನೆ. ಬಾಯಿಂದ ಮಾತು ಹೊರಡುತ್ತಿಲ್ಲ. ಹೊಲದ ಮನೆ, ಕೂಗಿದರೆ ಓಗೊಡುವವರಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದರೆ ಒಂದೂವರೆ ತಾಸು ಎಂದರು. ನೀಲವ್ವನಿಗೆ ಗಾಡಿ ಓಡಿಸಲು ಬರುತ್ತದೆ. ಅವನನ್ನು ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡಾದರೂ ಹೋದಾಳು.

“ಕೀ ಇಲ್ಲ. ಮಾಲೀಕರ ಹೆಸರು ಹೇಳಿ,” ಎಂದಿತು ಬೈಕು. “ಮೂರು ಅವಕಾಶ.”

“ನಮ್ಮ ಮನಿಯವರ ಗಾಡಿ ಐತೋ ಯಪ್ಪಾ, ಲಗೂನ ಚಾಲೂ ಆಗು!”

“ತಪ್ಪು. ಇನ್ನು ಎರಡು.”

“ನನ್ನ ಮಗಳು ಶಾಂತವ್ವನ ಅಪ್ಪಾರದು!”

“ತಪ್ಪು. ಇನ್ನು ಒಂದು.”

ಇಪ್ಪತ್ತಾರು ವರ್ಷದ ಹಿಂದೆ, ಮದುವೆಯಲ್ಲಿ ಒಡಪಿನ ಪದ್ಯದಲ್ಲಿ ಸೇರಿಸಿ ಗಂಡನ ಹೆಸರು ಹೇಳಿದ್ದೇ ಕೊನೆ. ಆಮೇಲೆ ಆ ಹೆಸರು ಅವಳ ನಾಲಿಗೆಗೆ ಬಂದಿಲ್ಲ. ನೀಲವ್ವ ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು: “ಫಕ್ಕೀರಪ್ಪ.”

ಬೈಕು ಒಂದು ಕ್ಷಣ ತನ್ನ ನೆನಪನ್ನು ತಡಕಿತು.

“ಹೆಸರು ಸರಿ. ಆದರೆ ಈ ಮನೆಯಲ್ಲಿ ಈ ದನಿ ಆ ಹೆಸರನ್ನು ಒಮ್ಮೆಯೂ ಹೇಳಿಲ್ಲ. ನೀವು ಹೊರಗಿನವರು.”

ಹ್ಯಾಂಡಲ್ ಕಟಕ್ಕನೆ ಲಾಕಾಯಿತು. ನೀಲವ್ವ ಅದನ್ನು ಒದ್ದಳು. ಆಮೇಲೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆ ತಟ್ಟುತ್ತ, ಇಪ್ಪತ್ತಾರು ವರ್ಷ ನುಂಗಿಕೊಂಡಿದ್ದ ಹೆಸರನ್ನು ಒಂದೇ ಸಮನೆ ಕೂಗತೊಡಗಿದಳು.