ಹದಿನೆಂಟರ ಸೀಸೆ

ಹೊಸ ವೇಪ್ ಎಂಬ ಇ-ಸಿಗರೇಟಿನಿಂದ ವಿಲ್ಫ್ ಎಳೆದ ಮೊದಲ ದಮ್ಮಿಗೆ ರೋಚ್‌ಡೇಲ್ ಊರಿಗೆ ಊರೇ ಮೋಡದಲ್ಲಿ ಮುಳುಗಿತು. ಎರಡನೆಯದಕ್ಕೆ ಅಡುಗೆಮನೆ ಬುಗುರಿಯಂತೆ ತಿರುಗಿತು, ಎದೆಬಡಿತ ಪಕ್ಕದ ಬೀದಿಗೂ ಕೇಳಿಸಿತು.

"ನೋರೀನ್, ನಾನು ಹೊರಟೆ ಕಣೇ! ನಮ್ಮಪ್ಪ ಹೋದ ಥರಾನೇ!"

ಹೆಂಡತಿ ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದು, ಇನ್ನೊಂದರಲ್ಲಿ ಆಂಬುಲೆನ್ಸಿಗೆ ಫೋನ್ ಒತ್ತಿದಳು. ಆಗ ಮೇಜಿನ ಮೇಲಿನ ಸೀಸೆ ಕಣ್ಣಿಗೆ ಬಿತ್ತು.

"ನಿನ್ನ ಹಳೇ ಪುಟ್ಟ ವೇಪ್ ಪೆನ್ನಿನ ಹದಿನೆಂಟು ಮಿಲಿಗ್ರಾಮಿನ ನಿಕೋಟಿನ್ ದ್ರವಾನೇ ಇದಕ್ಕೂ ಹುಯ್ದ್ಯಾ? ಬಕೆಟ್ಟಿನಂಥ ಈ ಯಂತ್ರಕ್ಕೆ ಮೂರು ಮಿಲಿಗ್ರಾಮಿಂದು ಸಾಕು ಅಂತ ಅಂಗಡಿಯವಳು ಬಡ್ಕೊಂಡಳಲ್ಲೋ!"

"ದೊಡ್ಡ ಯಂತ್ರ ಅಲ್ವಾ, ಮೂರು ಹಾಕಿದ್ರೆ ಖಾರ ಕಮ್ಮಿ ಆದೀತು ಅಂತ..."

"ಮೊದಲು ಬದುಕು. ಆಮೇಲೆ ನಾನೇ ಕೊಲ್ತೀನಿ."

ಆಂಬುಲೆನ್ಸ್ ಬರುವಷ್ಟರಲ್ಲಿ ಅವನ ನಾಡಿಬಡಿತ ಸಹಜಕ್ಕೆ ಇಳಿದಿತ್ತು. ಅವಳು ಮಾತ್ರ ಮಣಿಕಟ್ಟು ಬಿಟ್ಟಿರಲಿಲ್ಲ.