ಒಣಗದ ವಾರ್ನಿಷ್

ಕಾಫಿ ತೋಟದ ಬೆಳ್ಯಪ್ಪನವರ ಪಿಕಪ್ ನಿಲ್ಲುವಷ್ಟರಲ್ಲಿ ಸುಟ್ಟ ವಾಸನೆ ಅಂಗಡಿಯೊಳಗೆ ಬಂದಾಗಿತ್ತು. ಅಮ್ಮತ್ತಿಯಲ್ಲಿ ಮೋಟರ್ ವೈಂಡಿಂಗ್ ಮಾಡಿ ತಲೆ ನರೆತ ಸಾಂತಪ್ಪನಿಗೆ ಎದ್ದು ನೋಡುವ ಮನಸ್ಸೇ ಆಗಲಿಲ್ಲ. ಮೊನ್ನೆ ತಾನೇ ಇಲ್ಲಿಂದ ಹೋದ ಮೋಟರು. ಅದಕ್ಕೆ ಹೊಸ ತಂತಿ ಸುತ್ತಿ ಕಟ್ಟಿದವನು ಕೀರ್ತಿಕುಮಾರ್. ಡ್ರೈವರ್ ಕೆಲಸ ಬಿಟ್ಟು ವೈಂಡಿಂಗ್ ಕಲಿಯಲು ಬಂದವನು, ಬಂದ ತಿಂಗಳಿಗೇ ಸ್ವಂತ ಅಂಗಡಿಯ ಬೋರ್ಡ್ ಬರೆಸಿಟ್ಟುಕೊಂಡ ಮಹಾನುಭಾವ.

ಬಾಳೆಲೆ ಪೇಟೆಯಲ್ಲಿ ಅಂಗಡಿಗೆ ಆಗುವಂಥ ಬೆಳ್ಯಪ್ಪನವರ ಒಂದು ರೂಮು ಖಾಲಿ ಇತ್ತು. "ಕಾಫಿ ಹೂವಿಗೆ ನೀರು ಕೊಟ್ಟು ಮುಗಿಯುವವರೆಗೆ ನೀನು ಕಟ್ಟಿದ ಮೋಟರ್ ಓಡಲಿ, ರೂಮಿನ ಬೀಗದ ಕೈ ನಿನಗೇ" ಎಂದು ಕೀರ್ತಿಕುಮಾರನಿಗೆ ಮಾತು ಕೊಟ್ಟಿದ್ದರು.

"ಅರ್ಧ ತೋಟಕ್ಕೆ ನೀರು ಬಿತ್ತು. ಅಷ್ಟೇ" ಎಂದರು ಈಗ, ಮೋಟರ್ ಇಳಿಸಿ. "ಬೇರೆ ಮೋಟರ್ ಕೇಳಿ ನೋಡಿದೆ. ಈ ಟೈಮಲ್ಲಿ ಯಾರು ಕೊಡ್ತಾರೆ? ಎಲ್ಲರದ್ದೂ ಕೆರೆಯಲ್ಲಿ ಓಡ್ತಾ ಉಂಟು." ಬೈಯಲಿಲ್ಲ. ಎರಡು ಮಾತು ಬೈದಿದ್ದರೆ ಸಾಂತಪ್ಪನಿಗೆ ಹಗುರಾಗುತ್ತಿತ್ತು.

ಅವರು ಹೋದ ಮೇಲೆ ಬಿಚ್ಚಿ ನೋಡಿದರೆ, ಸುಟ್ಟ ಕಾಯಿಲಿನ ಪಕ್ಕದ ಕಾಯಿಲ್‌ಗಳ ಒಳಗೆ ತಂತಿಗೆ ಹೊಯ್ದ ವಾರ್ನಿಷ್ ಇನ್ನೂ ಹಸಿಯಾಗಿ ಬೆರಳಿಗೆ ಅಂಟಿತು.

"ಬಲ್ಬಿನ ಕಾವಿನ ಪೆಟ್ಟಿಗೆಯಲ್ಲಿ ಒಣಗಲು ಇಟ್ಟಿದ್ದೀಯಾ ಇದನ್ನು?"

"ಇಲ್ಲ ಸಾಂತಪ್ಪಣ್ಣ. ಬಿಸಿಗಾಳಿ ಹಿಡಿದೆ. ಮುಟ್ಟಿ ನೋಡಿದೆ, ಅಂಟಲಿಲ್ಲ. ವಿಡಿಯೋದಲ್ಲಿ ಹತ್ತು ನಿಮಿಷಕ್ಕೆ ಎಲ್ಲ ಮುಗೀತದೆ."

"ವಿಡಿಯೋದಲ್ಲಿ ಮುಗೀತದೆ ಮಾರಾಯ. ಒಣಗುವುದನ್ನು ಕೂತು ನೋಡುವವರು ಯಾರು? ಅದನ್ನು ಕತ್ತರಿಸಿ ಹಾಕಿರ್ತಾರೆ."

ಕೀರ್ತಿಕುಮಾರ್ ತಲೆ ತಗ್ಗಿಸಿದ. ಬಂದವರೆಲ್ಲ ತಲೆ ತಗ್ಗಿಸುತ್ತಾರೆ, ಆಮೇಲೆ ಹೋಗುತ್ತಾರೆ. ಎಷ್ಟು ಜನಕ್ಕೆ ಹೇಳಿದ್ದನ್ನೇ ಹೇಳುವುದು? ಸಾಂತಪ್ಪನಿಗೆ ಸಾಕುಸಾಕಾಗಿತ್ತು. ಆದರೂ ಹಳೆ ತಂತಿ ಕಿತ್ತು ಹಾಕಲು ತಾನೇ ಕೂತ. ಹೊಸ ತಂತಿ ಮೈಸೂರಿನಿಂದ ಬರಬೇಕಿತ್ತು, ಕಟ್ಟಿದ ಮೇಲೆ ಪೆಟ್ಟಿಗೆಯಲ್ಲಿ ಒಣಗಬೇಕಿತ್ತು. ವಾರ ದಾಟಿತು.

ಮೋಟರ್ ಹೊತ್ತು ಇಬ್ಬರೂ ಬಾಳೆಲೆಗೆ ಬಂದಾಗ ತೋಟದ ಮೇಲಿನ ಅರ್ಧ, ನೀರು ಬಿದ್ದ ವಾರಕ್ಕೆ ಸರಿಯಾಗಿ ಹೂವಾಗಿ ಬೆಳ್ಳಗೆ ನಿಂತು ಘಮಘಮಿಸುತ್ತಿತ್ತು. ನೀರು ಸಿಗದ ಕೆಳಗಿನ ಅರ್ಧದಲ್ಲಿ ಮೊಗ್ಗು ಬಿಸಿಲಿಗೆ ಸೀದು ಕಂದಿತ್ತು. ಮೋಟರ್ ಯಾವ ಸಾಲಿನಲ್ಲಿ ಕೈಕೊಟ್ಟಿತೆಂದು ರಸ್ತೆಯಲ್ಲಿ ಹೋಗುವ ಯಾರಿಗಾದರೂ ಗೊತ್ತಾಗುವಂತಿತ್ತು. ಬೆಳ್ಯಪ್ಪನವರು ಗೇಟು ತೆಗೆದರು. ರೂಮಿನ ಮಾತೆತ್ತಲಿಲ್ಲ.

ಕೀರ್ತಿಕುಮಾರ್ ಬಹಳ ಹೊತ್ತು ಆ ಗಿಡಗಳನ್ನೇ ನೋಡಿದ. ಅವನ ಕಣ್ಣು ತುಂಬಿತು. ಪಾಪ, ಈಗಲಾದರೂ ಬುದ್ಧಿ ಬಂತಲ್ಲ ಎಂದು ಸಾಂತಪ್ಪನಿಗೆ ಸಮಾಧಾನವೇ ಆಯಿತು. ಇವನಿಗೆ ಕಲಿಸಬಹುದು ಅನ್ನಿಸಿತು.

"ಸಾಂತಪ್ಪಣ್ಣ," ಕೀರ್ತಿಕುಮಾರ್ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ, "ಇಲ್ಲಿಗೆ ಡಬಲ್ ನೀರು ಬಿಟ್ರೆ, ಹೂವಿಗೆ ವಾರ ಕಾಯುವುದು ತಪ್ತದಲ್ವಾ?"

ಕೆರೆ ಇನ್ನೂ ದೂರವಿತ್ತು. ಸಾಂತಪ್ಪ ಮೋಟರನ್ನು ಅಲ್ಲೇ ದಾರಿಯಲ್ಲಿ ಇಳಿಸಿ ಅದರ ಮೇಲೆ ಕೂತುಬಿಟ್ಟ.