ಮೊದಲ ಹುಟ್ಟು

ಕಡಲು ಮಂಗಳೂರಿನ ಪೇಟೆಯೊಳಗೆ ಬಂದು ನಿಂತ ಮೇಲೆ ಬಸ್ಸುಗಳ ಬದಲು ದೋಣಿಗಳು ಓಡುತ್ತಿದ್ದವು. ಎಂಟು ಜನ ಎಳೆಯುವ, ಕದ್ರಿಗೆ ಹೋಗುವ ದೋಣಿಯಲ್ಲಿ ಮೊದಲ ಹುಟ್ಟು ವನಜಾಕ್ಷಿಯದು. ಅವಳ ಕೈ ನೋಡಿಕೊಂಡೇ ಉಳಿದವರು ಹುಟ್ಟು ಹಾಕಬೇಕು. ಎಷ್ಟು ವೇಗ ಎಂಬುದನ್ನು ಮಾತ್ರ ಬಂದರು ಕಚೇರಿ ಅವಳ ಇಯರ್‌ಫೋನಿನಲ್ಲಿ ಹೇಳುತ್ತಿತ್ತು.

ಆ ಬೆಳಿಗ್ಗೆ ಹಂಪನಕಟ್ಟೆ ದಾಟುವಾಗ ದೋಣಿಯಲ್ಲಿದ್ದ ಬಸುರಿಯೊಬ್ಬಳಿಗೆ ನೋವು ಜೋರಾಯಿತು. ಆಸ್ಪತ್ರೆ ಇದ್ದದ್ದು ಕದ್ರಿ ಗುಡ್ಡದ ಬುಡದಲ್ಲಿ, ಇನ್ನೂ ದೂರ. ವನಜಾಕ್ಷಿ ವೇಗ ಹೆಚ್ಚಿಸಿದಳು.

"ನಿಧಾನ," ಎಂದಿತು ಕಿವಿಯೊಳಗಿನ ದನಿ. "ಅಲೆ ಎದ್ದರೆ ಬಂಗಲೆಗಳ ಗಾಜಿಗೆ ಬಡಿಯುತ್ತದೆ."

"ಬಡಿಯಲಿ," ಎಂದು ಅವಳು ಇಯರ್‌ಫೋನನ್ನು ಕಿತ್ತು ನೀರಿಗೆಸೆದಳು. ಬೆನ್ನ ಹಿಂದೆ ಏಳು ಹುಟ್ಟುಗಳೂ ಅವಳ ಹುಟ್ಟಿನ ಜೊತೆಗೇ ಬಿದ್ದವು.

ಬಸುರಿಯನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆಯೊಳಗೆ ಒಯ್ದರು. ದಡದಲ್ಲಿ ಬಂದರಿನ ಅಧಿಕಾರಿ ಕಾಯುತ್ತಿದ್ದ.

"ನಾಳೆ ನಿಮ್ಮ ಜಾಗಕ್ಕೆ ಹೇಳಿದ್ದು ಕೇಳುವವರನ್ನು ಕೂರಿಸ್ತೇವೆ."

"ಕೂರಿಸಿ ಮಾರಾಯ್ರೆ," ಎಂದಳು ವನಜಾಕ್ಷಿ. "ಅವರ ಹಿಂದೆ ಹುಟ್ಟು ಹಾಕುವವರು ಯಾರು ಅಂತ ದೋಣಿಯಲ್ಲಿರುವ ಇವರನ್ನೂ ಒಮ್ಮೆ ಕೇಳಿ."

ಅಧಿಕಾರಿ ದೋಣಿಯತ್ತ ತಿರುಗಿದ. ಏಳು ಮಂದಿಯೂ ಹುಟ್ಟುಗಳನ್ನು ಕೆಳಗಿಟ್ಟು ದಡಕ್ಕೆ ಇಳಿಯುತ್ತಿದ್ದರು.